ಪಾಲಾರು ಕೆಳಗೈತೆ

ನೀರು ಕುಡಿಯುವ ಮುಂಚೆ ಅಂಗೈಗೆ ಒಂದಿಷ್ಟು ಸುರಿದುಕೊಂಡು, ಬೆಳಕಿಗೆ ಹಿಡಿದು ನೋಡಿ, ಮೂಸಿ, ಆಮೇಲೆ ಬಾಯಿಗಿಡುವುದು ನನ್ನ ಅಭ್ಯಾಸ. ಮೊನ್ನೆ ಬಂಗಾರಪೇಟೆಯಿಂದ ಬೆಂಗಳೂರಿಗೆ ಹೋಗುವ ರೈಲಿನಲ್ಲಿ ಹೀಗೆ ಮಾಡುತ್ತಿದ್ದಾಗ ಎದುರು ಸೀಟಿನ ಹೆಂಗಸೊಬ್ಬಳು ತಡೆಯಲಾರದೆ ಕೇಳಿಯೇಬಿಟ್ಟಳು. "ಆಂಟಿ, ಅದು ನೀವೇ ಮನೆಯಿಂದ ತಂದ ಬಾಟ್ಲಿ ಅಲ್ವಾ?"

"ಹೌದಮ್ಮ. ತುಂಬಿಸಿದ್ದು ನಾನೇ. ಅದಕ್ಕೇ ಅನುಮಾನ" ಎಂದೆ.

ನಗುತ್ತಾಳೆ ಅಂದುಕೊಂಡಿದ್ದೆ. ಅವಳು ತನ್ನ ಬ್ಯಾಗನ್ನು ನನ್ನಿಂದ ಒಂದು ಗೇಣು ದೂರಕ್ಕೆ ಸರಿಸಿಕೊಂಡಳು. ನನಗೆ ಬೇಜಾರಾಗಲಿಲ್ಲ. ಬ್ಯಾಗು ಸರಿಸಿಕೊಳ್ಳುವವರನ್ನು ಕಂಡರೆ ನನಗೆ ಗೌರವ.

ಅನುಮಾನ ನನಗೆ ಅಪ್ಪನಿಂದ ಬಂದ ಆಸ್ತಿ. ಬೇರೆ ಆಸ್ತಿ ಅವರು ಬಿಟ್ಟುಹೋಗಲೂ ಇಲ್ಲ. ಕೋಲಾರದ ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಅಪ್ಪ ಚಾಂಪಿಯನ್ ರೀಫ್ಸಿನ ಗೇಟಿನಲ್ಲಿ ಕಾವಲಿದ್ದರು. ಶಿಫ್ಟು ಮುಗಿಸಿ ಭೂಮಿಯೊಳಗಿನಿಂದ ಮೇಲೆ ಬಂದವರನ್ನು ಒಬ್ಬೊಬ್ಬರನ್ನಾಗಿ ತಡಕಿ, ಯಾರೂ ಚಿನ್ನದ ಚೂರು ಸಾಗಿಸುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು ಹೊರಗೆ ಬಿಡುವುದು ಅವರ ಕೆಲಸ. ಜೇಬು, ಸೊಂಟ, ಕೂದಲು, ಬೂಟು, ಊಟದ ಡಬ್ಬಿ ಎಲ್ಲವನ್ನೂ ನೋಡಬೇಕು. ತಡಕಿದ ಮೇಲೆ ಏನೂ ಸಿಗದಿದ್ದರೆ ಆ ಮನುಷ್ಯನ ಹೆಗಲ ಮೇಲೆ ಎರಡು ಸಲ ತಟ್ಟುತ್ತಿದ್ದರು. ತಮಿಳರಾದರೆ "ಪೋಪ್ಪಾ", ತೆಲುಗರಾದರೆ "ಪೋರಾ", ನಮ್ಮವರಾದರೆ "ಓಗು". ಸಾಯಂಕಾಲ ಗೇಟಿನ ಪುಸ್ತಕದಲ್ಲಿ ತಮ್ಮ ಕೋಳಿಕಾಲಿನ ಅಕ್ಷರದಲ್ಲಿ "ಏನೂ ಸಿಗಲಿಲ್ಲ" ಎಂದು ಬರೆದು ಸಹಿ ಹಾಕಿದರೆ ದಿನ ಮುಗಿಯಿತು.

ಉರಿಗಾಂನ ನಮ್ಮ ಕ್ವಾರ್ಟರ್ಸಿಗೆ ಬಂದ ಮೇಲೂ ಆ ಕೈ ಸುಮ್ಮನಿರುತ್ತಿರಲಿಲ್ಲ. ತಟ್ಟೆಗೆ ಮುದ್ದೆ ಬಿದ್ದರೆ ಮುರಿದು ಒಳಗೆ ನೋಡುವರು. ಟಿಫಿನ್ ಡಬ್ಬಿಯ ತಳವನ್ನು ಬೆರಳಿನಿಂದ ಕುಟ್ಟಿ ಸದ್ದು ಕೇಳುವರು. ನಾನು ಸ್ಕೂಲಿನಿಂದ ಬಂದರೆ ಬಾಗಿಲಲ್ಲೇ ನಿಲ್ಲಿಸಿ ಚೀಲ ಬೋರಲು ಹಾಕುವರು. ಅದರಿಂದ ಬಳಪದ ಚೂರು, ಹುಣಸೆಬೀಜ, ಪಕ್ಕದ ಮನೆಯ ಸೆಲ್ವಿ ಕೊಟ್ಟ ಅರ್ಧ ಮುರುಕು ಬೀಳುತ್ತಿದ್ದವು. ಎಲ್ಲವನ್ನೂ ನೋಡಿ, ಹೆಗಲು ತಟ್ಟಿ "ಓಗು" ಅನ್ನುತ್ತಿದ್ದರು. ಮುರುಕನ್ನು ಮಾತ್ರ ತಾವು ಇಟ್ಟುಕೊಳ್ಳುತ್ತಿದ್ದರು.

ಅಪ್ಪನ ತಂಗಿ ಪಾಪಮ್ಮತ್ತೆಯ ಮದುವೆಯೂ ಈ ತಡಕಾಟದಿಂದಲೇ ಆದದ್ದು. ಹೆಣ್ಣು ಕೊಡುವ ಮುಂಚೆ ಜನ ಜಾತಕ ನೋಡುತ್ತಾರೆ, ಹೊಲ ನೋಡುತ್ತಾರೆ. ನಮ್ಮಪ್ಪ ಜೇಬು ನೋಡಿದ್ದರು. ಬೇತಮಂಗಲದ ಕಡೆಯ ಹಳ್ಳಿಯಿಂದ ಸೈಕಲ್ಲಿನಲ್ಲಿ ಗಣಿಗೆ ಬರುತ್ತಿದ್ದ ಮುನಿಯಪ್ಪ ಎಂಬುವರನ್ನು ಮೂರು ವರ್ಷ ದಿನಾ ತಡಕಿ, ಒಂದು ದಿನವೂ ಏನೂ ಸಿಗದೆ, ಕೊನೆಗೆ ಮನೆಗೆ ಬಂದು ಅಜ್ಜಿಗೆ ಹೇಳಿದರಂತೆ: "ಅಮ್ಮೋ, ಉಡುಗ ಚೊಕ್ಕ ಅವ್ನೆ. ಮೂರು ವರ್ಸದಿಂದ ಮುಟ್ಟಿ ನೋಡಿವ್ನಿ, ಒಳಗೇನೂ ಮಡಿಕ್ಕಂಡಿಲ್ಲ." ಮದುವೆಯಾಯಿತು. ಮಾರನೇ ವಾರವೇ ಗೇಟಿನಲ್ಲಿ ಅಪ್ಪ ಭಾವನನ್ನು ಮತ್ತೆ ತಡಕಿದರು. ಅತ್ತೆ ಒಂದು ತಿಂಗಳು ಅಣ್ಣನ ಜೊತೆ ಮಾತು ಬಿಟ್ಟಿದ್ದಳು.

ಈ ಪಾಪಮ್ಮತ್ತೆಯ ಊರಿನ ಬುಡದಲ್ಲೇ ಪಾಲಾರು ಹರಿಯುತ್ತದೆ. ಹರಿಯುತ್ತದೆ ಅನ್ನುವ ಮಾತನ್ನು ಭೂಗೋಳದ ಪುಸ್ತಕದ ಮೇಲಿನ ಗೌರವಕ್ಕೆ ಬಳಸಿದ್ದೇನೆ. ಆ ಪುಸ್ತಕದಿಂದಲೇ ನಾನು ಬಂಗಾರಪೇಟೆಯ ಹೈಸ್ಕೂಲಿನಲ್ಲಿ ರಿಟೈರ್ ಆಗುವವರೆಗೂ ಅನ್ನ ತಿಂದವಳು. ಪಾಲಾರು ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ನಮ್ಮ ಜಿಲ್ಲೆ ದಾಟಿ, ಆಂಧ್ರದ ಒಂದು ಮೂಲೆ ಸವರಿಕೊಂಡು, ತಮಿಳುನಾಡಿನ ಬಯಲಿಗಿಳಿದು ಅಗಲವಾಗಿ, ಬಂಗಾಳಕೊಲ್ಲಿ ಸೇರುತ್ತದೆ ಎಂದು ಮಕ್ಕಳಿಗೆ ಬರೆಸುತ್ತಿದ್ದೆ. ಬರೆಸುವಾಗ ನನಗೇ ಒಳಗೊಳಗೆ ಅನುಮಾನ. ಕೃಷ್ಣೆ, ಕಾವೇರಿಗಳನ್ನು ನಕ್ಷೆಯಲ್ಲಿ ಉದ್ದಕ್ಕೂ ನೀಲಿ ಗೆರೆಯಾಗಿ ಎಳೆಯುತ್ತಾರೆ. ಸದಾ ಹರಿಯದ ನದಿಗೆ ಬಿಟ್ಟು ಬಿಟ್ಟು ಗೆರೆ. ಪಾಲಾರನ್ನು ಬೋರ್ಡಿನ ಮೇಲೆ ಬರೆಯುವಾಗ ಸೀಮೆಸುಣ್ಣ ಎತ್ತಿ ಎತ್ತಿ ಇಡಬೇಕಿತ್ತು, ಹರಿದ ಲಂಗಕ್ಕೆ ಹೊಲಿಗೆ ಹಾಕಿದ ಹಾಗೆ.

ನೋಡಿ, ಈ ನದಿಯ ಚರಿತ್ರೆಯೂ ಅಷ್ಟು ಸುಭಗವಾಗಿಲ್ಲ. ಬಲ್ಲವರು ಹೇಳುವಂತೆ ಒಂದಾನೊಂದು ಕಾಲದಲ್ಲಿ ಅದು ಕೆಳಗಿನ ಬಯಲಿನಲ್ಲಿ ಬೇರೆಯೇ ದಾರಿ ಹಿಡಿದು, ಈಗಿನದಕ್ಕಿಂತ ಉತ್ತರಕ್ಕೆ ಹೋಗಿ ಕಡಲು ಸೇರುತ್ತಿತ್ತಂತೆ. ಯಾವಾಗಲೋ ಯಾರಿಗೂ ಹೇಳದೆ ದಾರಿ ಬದಲಾಯಿಸಿತು. ಮನುಷ್ಯರು ಹೀಗೆ ಮಾಡಿದ್ದರೆ ನಮ್ಮಪ್ಪ ಸುಮ್ಮನೆ ಬಿಡುತ್ತಿರಲಿಲ್ಲ. ಇನ್ನು ಅದರ ದಡದ ಜನರೋ, ಮೂರು ರಾಜ್ಯದವರೂ ಒಬ್ಬರ ಮೇಲೊಬ್ಬರಿಗೆ ಗುಮಾನಿ. ಮೇಲಿನವರು ಕೆರೆ ಕಟ್ಟಿ ತಡೆದರು ಅಂತ ಕೆಳಗಿನವರು, ಮಧ್ಯದವರು ಒಡ್ಡು ಕಟ್ಟಿದರು ಅಂತ ಅವರ ಕೆಳಗಿನವರು. ತಮಿಳಿನವರು ಅದಕ್ಕೆ ಹಾಲಿನ ಹೊಳೆ ಅಂತ ಹೆಸರಿಟ್ಟಿದ್ದಾರೆ. ನಮ್ಮ ಕಡೆ ಹಾಲಿಗೆ ನೀರು ಬೆರೆಸುವುದು ಮೊದಲಿನಿಂದಲೂ ಇದೆ, ಹಾಲಿನ ಹೊಳೆಗೆ ಬೆರೆಸುವುದಕ್ಕೂ ನೀರಿಲ್ಲದೆ ಹೋದದ್ದು ಮಾತ್ರ ಈ ನದಿಯಲ್ಲೇ.

ನಾನು ಮೊದಲ ಸಲ ಪಾಲಾರನ್ನು ನೋಡಿದಾಗ ನನಗೆ ಏಳೆಂಟು ವರ್ಷ. ಅಪ್ಪನ ಜೊತೆ ಅತ್ತೆಯ ಊರಿಗೆ ಹೋಗಿದ್ದೆ. ನದಿ ತೋರಿಸು ಅಂತ ಪ್ರಾಣ ತಿಂದೆ. ಅತ್ತೆ ಕೈ ಹಿಡಿದು ಕರೆದುಕೊಂಡು ಹೋದಳು. ಕಣ್ಣು ಹಾಯುವ ತನಕ ಬರೀ ಮರಳು. ಅದರ ನಡುವೆ ಊರವರು ರಾಗಿ ತೆನೆ ಹರಡಿ, ಕಾಳು ಉದುರಲು ಕಲ್ಲುಗುಂಡು ಉರುಳಿಸುತ್ತಿದ್ದರು. ಎಮ್ಮೆಗಳು ಮಲಗಿದ್ದವು. ಯಾರದೋ ಮನೆಯ ಕೌದಿಗಳು ಒಣಗುತ್ತಿದ್ದವು.

"ಒಳೆ ಎಲ್ಲತ್ತೆ?" ಅಂದೆ.

"ಇದೇ ಕಣೇ ಒಳೆ."

"ನೀರೆಲ್ಲಿ?"

"ಕೆಳಗೈತೆ."

ನನಗೆ ಅಳುವೇ ಬಂತು. ಮೋಸ ಅನ್ನಿಸಿತು. ಅತ್ತೆ ಸೀರೆ ಸಿಕ್ಕಿಸಿಕೊಂಡು ಕೂತು ಎರಡೂ ಕೈಯಿಂದ ಮರಳು ತೋಡಿದಳು. ಮೊಳಕೈ ಮುಳುಗುವಷ್ಟು ತೋಡುವಷ್ಟರಲ್ಲಿ ಬುಡದಲ್ಲಿ ಕಪ್ಪಗೆ ಒದ್ದೆಯಾಗಿ, ಆಮೇಲೆ ನೀರು ಸದ್ದಿಲ್ಲದೆ ಒಸರಿ ಬಂದು ನಿಂತಿತು. ಬೊಗಸೆಯಲ್ಲಿ ಎತ್ತಿ ಕುಡಿಸಿದಳು. ತಣ್ಣಗಿತ್ತು, ಸಿಹಿಯಾಗಿತ್ತು. ನಾನು ಹಿಂದೆ ತಿರುಗಿ ಅಪ್ಪನ ಮುಖ ನೋಡಿದೆ. ಅವರು ಚಪ್ಪಲಿ ಕಳಚಿಟ್ಟು, ಆ ಗುಂಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಒಳಕ್ಕೆ ಕೈ ಬಿಟ್ಟು ತಡಕುತ್ತಿದ್ದರು.

"ಅಲೆಲೆ! ಎಂಥಾ ಖದೀಮ ನೋಡ್ಲೇ ಪಾಪಿ" ಅಂದರು ತಂಗಿಗೆ. "ಮ್ಯಾಗಿಂದ ನೋಡಿದ್ರೆ ಏನೂ ಇಲ್ಲ. ಒಳಗೆ ಇಷ್ಟೊಂದು ಬಚ್ಚಿಟ್ಕಂಡೈತೆ. ಕೈ ಆಕಿ ನೋಡ್ದೆ ಇದ್ರೆ ನಾನೂ ಬಿಟ್ಬಿಡ್ತಿದ್ದೆ."

ಆಮೇಲೆ ಮರಳನ್ನು ಎರಡು ಸಲ ತಟ್ಟಿದರು. ಆವತ್ತಿನ ಮಟ್ಟಿಗೆ ಪಾಲಾರು ಗೇಟು ದಾಟಿತು.

ಈಗ ಅತ್ತೆಯ ಬಾಗಿನದ ವಿಷಯ ಹೇಳಬೇಕು. ಆ ಊರಿನಲ್ಲೊಂದು ಪದ್ಧತಿಯಿದೆ. ಸೊಸೆಯಾಗಿ ಬಂದವಳು, ಹೊಳೆ ಎರಡೂ ದಡ ಮುಟ್ಟಿ ಹರಿದಾಗ ಅದಕ್ಕೆ ಬಾಗಿನ ಕೊಡಬೇಕು. ಜೋಡಿ ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ಬಳೆ, ಬಾಚಣಿಗೆ, ಅರಿಸಿನ ಕುಂಕುಮ, ರವಿಕೆಕಣ ಇಟ್ಟು, ಒಂದರ ಮೇಲೊಂದು ಮುಚ್ಚಿ, ನೀರಿಗೆ ಬಿಡುವುದು. ಮೊದಲ ಸಲ ಕೊಟ್ಟ ಮೇಲೇ ಅವಳು ಆ ಊರಿನವಳು, ಆಮೇಲೆ ಹೊಳೆ ಬಂದಾಗಲೆಲ್ಲ ಕೊಡಬಹುದು. ಎರಡು ದಡ ಅಂದರೆ ಎರಡು ದಡವೇ. ನಡುವೆ ಒಂದು ಕಾಲುವೆಯಷ್ಟು ಹರಿದರೆ ಲೆಕ್ಕಕ್ಕಿಲ್ಲ. ಇನ್ನೊಂದು ಮಾತು, ಕೊಡುವವಳು ಮುತ್ತೈದೆಯಾಗಿರಬೇಕು.

ಪಾಪಮ್ಮತ್ತೆ ಮದುವೆಯಾದ ಹೊಸದರಲ್ಲಿ ಒಮ್ಮೆ ಹೊಳೆ ಹಾಗೆ ಬಂದಿತ್ತಂತೆ. ಆಗ ಅವಳು ಬಾಣಂತಿಯಾಗಿ ಉರಿಗಾಂನಲ್ಲಿ ನಮ್ಮ ಮನೆಯಲ್ಲಿದ್ದಳು. ಎಷ್ಟೋ ವರ್ಷದ ಮೇಲೆ ಮತ್ತೊಮ್ಮೆ ಬಂದಾಗ ಮನೆಯಲ್ಲಿ ಮುನಿಯಪ್ಪ ಮಾವನ ತಾಯಿ ತೀರಿಕೊಂಡು ಸೂತಕ. ಆಮೇಲೆ ಹೊಳೆ ಮಲಗಿತು. ಅವಳ ವಾರಗಿತ್ತಿಯರೆಲ್ಲ ಕೊಟ್ಟಿದ್ದರು, ಇವಳದೊಂದು ಉಳಿದುಬಿಟ್ಟಿತ್ತು. ಜಗಳ ಬಂದಾಗ ಅವರು "ನೀನಿನ್ನೂ ಈ ಊರ್ನೋಳಾ?" ಅಂತ ಚುಚ್ಚುತ್ತಿದ್ದರಂತೆ. ಅತ್ತೆ ಪ್ರತಿ ಗೌರಿ ಹಬ್ಬಕ್ಕೆ ಹೊಸ ಜೋಡಿ ಮೊರ ತಂದು, ಅರಿಸಿನ ಬಳಿದು, ಅಟ್ಟದ ಮೇಲಿಡುತ್ತಿದ್ದಳು. ಹಳೆಯದರಲ್ಲಿ ರಾಗಿ ಕೇರುತ್ತಿದ್ದಳು. ಈ ಮಧ್ಯೆ ಗಣಿ ಮುಚ್ಚಿತು, ಅಪ್ಪ ಹೋದರು, ಮುನಿಯಪ್ಪ ಮಾವನಿಗೆ ಗಣಿ ಧೂಳಿನ ಕೆಮ್ಮು ಎದೆಗಿಳಿಯಿತು. ಅತ್ತೆ ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಾ, ಒಂದು ಕಣ್ಣು ಗಂಡನ ಮೇಲೆ, ಒಂದು ಕಣ್ಣು ಮೋಡದ ಮೇಲೆ ಇಟ್ಟುಕೊಂಡಿದ್ದಳು. ಅವಳಿಗೆ ಎರಡೂ ಬೇಕಿತ್ತು, ಒಟ್ಟಿಗೇ ಬೇಕಿತ್ತು.

ಕೆಲವು ವರ್ಷಗಳ ಹಿಂದೆ ಆ ದೊಡ್ಡ ಮಳೆ ಬಂತಲ್ಲ, ಬೇತಮಂಗಲದ ಕೆರೆ ಕೋಡಿ ಬಿತ್ತು. ಒಂದು ಬೆಳಿಗ್ಗೆ ಅತ್ತೆಯ ಫೋನು.

"ಒಳೆ ಬಂದೈತೆ ಕಣೇ! ಎಲ್ಡು ದಡಾನೂ ಮುಟ್ಕಂಡ್ ಬಂದೈತೆ! ಮಾವನ್ನ ಕುರ್ಚಿ ಮ್ಯಾಲೆ ಕುಂಡ್ರಿಸ್ಕಂಡ್ ಓಗಿ ತೋರಿಸ್ದೆ. ನಾಳೆ ಶುಕ್ರವಾರ ಬಾಗಿನ ಕೊಡ್ತೀನಿ. ನೀನ್ ಬತ್ತೀಯೇನೆ?"

ನಾನು ಏನು ಹೇಳಿದೆ ಗೊತ್ತೇ? ಇದನ್ನು ಬರೆಯುವಾಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ಆ ವಾರವೆಲ್ಲ ನನ್ನ ಮೊಬೈಲಿನಲ್ಲಿ ಒಂದು ವೀಡಿಯೊ ಓಡಾಡುತ್ತಿತ್ತು. ಯಾವುದೋ ಕೆರೆಯ ಮೇಲೆ ಬಿಳಿ ನೊರೆ, ಕೆಳಗೆ ಎಚ್ಚರಿಕೆಯ ಮಾತು: ಕೋಲಾರದ ಕಡೆ ಬರುತ್ತಿರುವುದೆಲ್ಲ ಬೆಂಗಳೂರಿನವರು ಬಳಸಿ ಬಿಟ್ಟ ನೀರು. ನಾನು ಮೂವತ್ತು ವರ್ಷ ಪಾಲಾರು ಹರಿಯುವುದಿಲ್ಲ ಅಂತ ಬಿಟ್ಟು ಬಿಟ್ಟು ಗೆರೆ ಎಳೆದವಳು. ಹರಿಯಿತು ಅಂದರೆ ನಂಬುವುದು ಹೇಗೆ?

"ಅತ್ತೆ, ಮುಟ್ಟಬೇಡ ಅದನ್ನ. ಅದು ಹೊಳೆಯಲ್ಲ, ಬೆಂಗಳೂರಿನವರ ಬಚ್ಚಲು ನೀರು. ಅದಕ್ಕೆ ಬಾಗಿನ ಕೊಡ್ತೀಯಾ? ನಾನು ಬಂದು ಬಾಟ್ಲಿಯಲ್ಲಿ ಹಿಡಿದು ಟೆಸ್ಟ್ ಮಾಡಿಸ್ತೀನಿ. ರಿಪೋರ್ಟ್ ಬರಲಿ, ಆಮೇಲೆ ಕೊಡು."

"ಒಳೆ ಥರಾನೇ ಐತಲ್ಲೇ" ಅಂದಳು ಸಣ್ಣ ದನಿಯಲ್ಲಿ.

"ನೋಡೋಕೆ ಹಾಗೇ ಇರತ್ತೆ ಅತ್ತೆ."

"ಊಂ. ನೀನ್ ಓದಿದೋಳು. ನೀನ್ ಏಳಿದ್ಮ್ಯಾಕೆ ಸರಿ."

ಬಂಗಾರಪೇಟೆಯಿಂದ ಅತ್ತೆಯ ಊರು ಏನೂ ದೂರವಿಲ್ಲ. ಆದರೂ ರೈಲ್ವೆ ಅಂಡರ್‌ಪಾಸಿನಲ್ಲಿ ನೀರು ನಿಂತಿದೆ ಅಂತ ಎರಡು ದಿನ, ಮಂಡಿ ನೋವು ಅಂತ ಎರಡು ದಿನ ಕಳೆದೆ. ಹೋದವಳು ಸೇತುವೆ ಹತ್ತಿರ ಹಗ್ಗ ಕಟ್ಟಿ ಬಾಟ್ಲಿ ಇಳಿಸಿ ನೀರು ಹಿಡಿದೆ. ಕೈ ಒದ್ದೆ ಮಾಡಿಕೊಳ್ಳಲಿಲ್ಲ. ಊರಿನ ಹೆಂಗಸರು ಬಾಗಿನ ಬಿಡುತ್ತಿದ್ದರು. ಅತ್ತೆ ಮಾತ್ರ ಮನೆಯ ಜಗುಲಿಯ ಮೇಲೆ ನನ್ನ ರಿಪೋರ್ಟಿಗೆ ಕಾಯುತ್ತಾ ಕೂತಿದ್ದಳು. ರಿಪೋರ್ಟು ಬರಲು ಹತ್ತು ದಿನವಾಯಿತು. ಮಣ್ಣು ಬೆರೆತ ಮಳೆನೀರು, ಬೇರೇನೂ ಇಲ್ಲ ಅಂತ ಅದರಲ್ಲಿತ್ತು. ನಾನು ಓಡಿದೆ. ಅಷ್ಟರಲ್ಲಿ ಹೊಳೆ ದಡ ಬಿಟ್ಟು, ನಡುವೆ ಒಂದು ಬಟ್ಟೆ ಹಿಂಡಿದಷ್ಟು ಉಳಿದಿತ್ತು. ದೀಪಾವಳಿ ಕಳೆದ ವಾರದಲ್ಲಿ ಮುನಿಯಪ್ಪ ಮಾವ ತೀರಿಕೊಂಡರು.

ಅತ್ತೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು! ಹನ್ನೊಂದನೇ ದಿನದ ಊಟಕ್ಕೆ ನನ್ನ ಎಲೆಗೆ ತಾನೇ ಬಡಿಸಿದಳು. ಊರಿಗೆ ಹೊರಟಾಗ ಎಂದಿನಂತೆ ಮೊಸರಿನ ಡಬ್ಬಿ ಕೊಟ್ಟಳು. ನಾನು ಆ ಮೊಸರನ್ನು ಮೂಸದೆ ತಿಂದೆ, ನನ್ನ ಜನ್ಮದಲ್ಲೇ ಮೊದಲ ಸಲ. ಅಟ್ಟದ ಮೇಲಿನ ಮೊರಗಳು ಬೋರಲಾಗಿದ್ದವು. ಅಪ್ಪನಿಂದ ಬಂದ ಅನುಮಾನ ನನ್ನಲ್ಲಿ ಬೆಳೆಯಿತೇ ಹೊರತು, ಕೈ ಹಾಕಿ ತಡಕುವ ಅವರ ಅರ್ಧ ಕಸುಬು ನನಗೆ ಬರಲೇ ಇಲ್ಲ ಅಂತ ಆವತ್ತು ಬಸ್ಸಿನಲ್ಲಿ ಕೂತು ಕಣ್ಣೀರು ಹಾಕಿದೆ. ಅವರು ಒಬ್ಬನನ್ನೂ ದೂರದಿಂದ ನೋಡಿ ಕಳ್ಳ ಅಂದವರಲ್ಲ.

ಅತ್ತೆಯ ಮನೆಯ ಗೋಡೆಮೊಳೆಯಲ್ಲಿ ಮಾವನ ಹಿತ್ತಾಳೆ ಬಿಲ್ಲೆ ತೂಗುತ್ತಿತ್ತು. ಗಣಿಯಲ್ಲಿ ಪ್ರತಿಯೊಬ್ಬನಿಗೂ ನಂಬರಿನ ಬಿಲ್ಲೆ. ಇಳಿಯುವಾಗ ಅದನ್ನು ಕೊಟ್ಟು ಇಳಿಯಬೇಕು, ಮೇಲೆ ಬಂದಾಗ ವಾಪಸು ತೆಗೆದುಕೊಳ್ಳಬೇಕು. ಬಿಲ್ಲೆ ಬೋರ್ಡಿನ ಮೊಳೆಯಲ್ಲೇ ನೇತಾಡುತ್ತಿದ್ದರೆ ಆ ಮನುಷ್ಯ ಇನ್ನೂ ಕೆಳಗಿದ್ದಾನೆ, ಮೇಲೆ ಬರುತ್ತಾನೆ ಅಂತ ಅರ್ಥ. ಗಣಿ ಮುಚ್ಚುವಾಗ ಮಾವ ಅದನ್ನು ಮನೆಗೆ ತಂದಿದ್ದರು. ಈಗ ಯಾರಾದರೂ ಅತ್ತೆಯ ಮುಂದೆ ಮರುಗಿದರೆ ಅವಳು ಆ ಮೊಳೆಯ ಕಡೆ ಕೈ ತೋರಿಸಿ "ಆಯಪ್ಪ ಕೆಳಗವ್ನೆ, ಅಷ್ಟೇ" ಅನ್ನುತ್ತಿದ್ದಳು. ವಯಸ್ಸಾಯಿತು, ಬುದ್ಧಿ ಮಂಕಾಗಿದೆ ಅಂತ ನಾವೆಲ್ಲ ಅಂದುಕೊಂಡೆವು.

ಹೋದ ಮಳೆಗಾಲದಲ್ಲಿ ಹೊಳೆ ಮತ್ತೆ ಬಂತು. ಈ ಸಲ ಅತ್ತೆ ಫೋನು ಮಾಡಲಿಲ್ಲ, ಹಾಲಿನ ವ್ಯಾನಿನವನ ಕೈಲಿ ಹೇಳಿಕಳಿಸಿದಳು: "ನಮ್ಮುಡ್ಗಿ ಬಂದು ನನ್ ಮೊರ ಕೊಡ್ಬೇಕಂತೆ ಅನ್ನು." ನಾನು ಮುತ್ತೈದೆ. ನಮ್ಮ ಮನೆಯವರು ಗಟ್ಟಿಮುಟ್ಟಾಗಿ ಸೋಫಾದ ಮೇಲೆ ಕೂತು ಕಡ್ಲೆಕಾಯಿ ಸುಲಿಯುತ್ತಿದ್ದರು. ಆಗಲೇ ಆಟೋ ಹಿಡಿದು ಹೊರಟೆ.

ಹೋದವಳು ಮೊದಲು ದಡಕ್ಕೇ ಇಳಿದೆ. ಕೆಂಪು ನೀರು ದಡದಿಂದ ದಡಕ್ಕೆ ತುಂಬಿಕೊಂಡು ಗುರುಗುಟ್ಟುತ್ತಾ ಹೋಗುತ್ತಿತ್ತು. ಬೊಗಸೆಯಲ್ಲಿ ಎತ್ತಿದೆ. ನೋಡಿದೆ, ಮೂಸಿದೆ. ಮಣ್ಣಿನ ವಾಸನೆ. ನಾಲಿಗೆಗೆ ಮುಟ್ಟಿಸಿಕೊಂಡೆ. ನಂಬಿದೆ.

ಅತ್ತೆ ಹೊಂಗೆಮರದ ಕೆಳಗೆ ನಿಂತಿದ್ದಳು, ನೀರಿನಿಂದ ಇಪ್ಪತ್ತು ಹೆಜ್ಜೆ ಹಿಂದೆ. ದಡದ ತುಂಬ ಹಸಿರು ಬಳೆಯ ಹೆಂಗಸರು. ಅವಳ ಮೂವರು ವಾರಗಿತ್ತಿಯರೂ ಅಲ್ಲೇ ಇದ್ದರು.

"ತಗಾ. ನೀನ್ ಬಿಡು. ನಾನ್ ಇಲ್ಲಿಂದ್ಲೇ ಕೈ ಮುಗೀತೀನಿ" ಅಂತ ಮೊರ ನನ್ನ ಕೈಗಿಟ್ಟಳು.

ಕೈಗೆ ಭಾರ ಬಂತು. ಅಕ್ಕಿ ಬೇಳೆಯ ಭಾರ ಬೇರೆ, ಇದು ಒಂದು ಮೂಲೆಗೆ ವಾಲುವ ಭಾರ. ನೀವು ಏನೇ ಅನ್ನಿ, ಗೇಟಿನವನ ಮಗಳು ನಾನು. ಮೇಲಿನ ಮೊರ ಸರಿಸಿ ಕೈ ಹಾಕಿದೆ. ಬಳೆ, ಬಾಚಣಿಗೆ, ಬೆಲ್ಲದಚ್ಚು. ರವಿಕೆಕಣದ ಮಡಿಕೆಯೊಳಗೆ ಗುಂಡಗೆ, ತಣ್ಣಗೆ, ಒಂದು ಹಿತ್ತಾಳೆ ಬಿಲ್ಲೆ.

ಅತ್ತೆಯ ಮುಖ ನೋಡಿದೆ. ಸಿಕ್ಕಿಬಿದ್ದವರ ಮುಖ.

"ಮುಚ್ಚೇ ಅದನ್ನ" ಅಂದಳು ಪಿಸುಮಾತಿನಲ್ಲಿ. "ಬಿಲ್ಲೆ ಕೊಟ್ಟೇ ಅಲ್ವೇನೆ ಆಯಪ್ಪ ಕೆಳಕ್ಕೆ ಇಳೀತಿದ್ದಿದ್ದು? ಒಳೇನೂ ಕೆಳಗಿಂದ್ಲೇ ಬಂದೈತೆ. ಒಳೆ ತಾವ ಆಯಪ್ಪನ್ ಬಿಲ್ಲೆ ಇದ್ರೆ, ಆಯಪ್ಪ ಕೆಳಗಿದ್ದಂಗೇ. ಆಯಪ್ಪ ಇದ್ರೆ ನಾನೂ..." ಸೆರಗು ಬಾಯಿಗೆ ಒತ್ತಿಕೊಂಡಳು.

ನನಗೆ ಕಣ್ಣು ತುಂಬಿ ಎದುರಿನ ಹೊಳೆಯೇ ಕಾಣದಾಯಿತು. ಮೊರ ಮುಚ್ಚಿ ತಿರುಗಿ ಅವಳ ಕೈಯಲ್ಲೇ ಇಟ್ಟೆ.

"ನಾನ್ಯಾಕತ್ತೆ ಕೊಡಲಿ? ನಿನ್ನ ಬಾಗಿನ ನೀನೇ ಕೊಡು."

"ಲೇ! ಜನ ನೋಡ್ತಾವ್ರಲ್ಲೇ?"

ನಾನು ಕತ್ತು ತಿರುಗಿಸಿ, ಅಪ್ಪ ಗೇಟಿನಲ್ಲಿ ನೋಡುತ್ತಿದ್ದ ಹಾಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದೆ. ಇಡೀ ಊರು ನಮ್ಮನ್ನೇ ನೋಡುತ್ತಿತ್ತು. ವಾರಗಿತ್ತಿಯರಂತೂ ಬಾಗಿನ ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟಿದ್ದರು.

"ಯಾರೂ ಇಲ್ಲತ್ತೆ" ಅಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಅವಳೂ ಗೇಟಿನವನ ತಂಗಿ, ನನ್ನ ಮಾತು ಒಂದಿಷ್ಟೂ ನಂಬಲಿಲ್ಲ. ನಾನು ಅವಳ ಹೆಗಲ ಮೇಲೆ ಎರಡು ಸಲ ತಟ್ಟಿದೆ.

"ಓಗು."

"ಅಣ್ಣಯ್ಯ" ಅಂದಳು, ನನಗಲ್ಲ. ಆಮೇಲೆ ಮೊರ ಎದೆಗವುಚಿಕೊಂಡು, ಜನ ಬಿಟ್ಟುಕೊಟ್ಟ ದಾರಿಯಲ್ಲಿ ಇಳಿದು ಹೋಗಿ, ಮಂಡಿಯುದ್ದ ನೀರಿನಲ್ಲಿ ನಿಂತು ಬಾಗಿದಳು. ಮೊರ ಒಂದು ಸುತ್ತು ತಿರುಗಿ, ಸೇತುವೆಯ ಕಂಬಕ್ಕೆ ತಾಗಿ, ಬಿಡಿಸಿಕೊಂಡು ತಮಿಳುನಾಡಿನ ಕಡೆಗೆ ಹೋಯಿತು.

ದಡ ಹತ್ತಿ ಬಂದವಳನ್ನು ಹಿರಿಯ ವಾರಗಿತ್ತಿ ತಡೆದು ಕೇಳಿದಳು. "ಏನ್ ಪಾಪಮ್ಮ, ಏನೇನಿಟ್ಟಿದ್ದೆ ಬಾಗಿನದಾಗೆ?"

ಅತ್ತೆ ನನ್ನ ಕಡೆ ನೋಡಿದಳು. ತಡಕಿದವಳು ನಾನು, ಆದ್ದರಿಂದ ನಾನೇ ಉತ್ತರ ಕೊಟ್ಟೆ. ನೀವೂ ಹಾಗೆಯೇ ಬರೆದುಕೊಳ್ಳಿ: ಏನೂ ಸಿಗಲಿಲ್ಲ.